ಮೆಟೀರಿಯಲ್ಸ್ ಓದಬೇಕೆಂದಿರುವ ಚಿ. ಸಿಂಚನಾಗೆ

ಕುವೆಂಪುನಗರ, ಮೈಸೂರು

ಚಿ. ಸಿಂಚನಾಗೆ ಚಿಕ್ಕಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಕಂಪ್ಯೂಟರ್ ಸೈನ್ಸ್ ಬೇಡ, ಲೋಹ ಮೊದಲಾದ ವಸ್ತುಗಳ ರಚನೆ, ಗುಣಗಳ ವಿಜ್ಞಾನವಾದ ಮೆಟೀರಿಯಲ್ಸ್ ಸೈನ್ಸೇ ಓದುತ್ತೇನೆ ಎಂದು ನೀನು ಪಟ್ಟು ಹಿಡಿದಿರುವುದನ್ನು ಅಣ್ಣ ಹೇಳಿದರು. ನನಗಂತೂ ತುಂಬ ಸಂತೋಷವಾಯಿತು. ಆದರೆ ನೀನು ಕಳಿಸಿರುವ ಕಾಲೇಜುಗಳ ಪಟ್ಟಿಯನ್ನು ರ‍್ಯಾಂಕಿಂಗ್ ನೋಡಿಕೊಂಡೇ ಬರೆದಂತಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಅಳೆಯುವುದು ಇಡೀ ಸಂಸ್ಥೆಯನ್ನು, ಇಲ್ಲವೇ ಅಲ್ಲಿನ ಎಂಜಿನಿಯರಿಂಗನ್ನು ಒಟ್ಟಾಗಿ. ಕಾಲೇಜುಗಳನ್ನು ಮೌಲ್ಯಮಾಪನ ಮಾಡುವ ನ್ಯಾಕ್ ಕೊಡುವ ಮಾನ್ಯತೆಯೂ ಸಂಸ್ಥೆಗೇ ಸೇರಿದ್ದು. ನೀನು ನಾಲ್ಕು ವರ್ಷ ಇರುವುದು ಒಂದು ವಿಭಾಗದಲ್ಲಿ. ಆ ವಿಭಾಗ ಹೇಗಿದೆ ಎಂಬುದನ್ನು ನೀನೇ ಕೆದಕಿ ನೋಡಬೇಕಮ್ಮ. ಖಾಸಗಿ ಕಾಲೇಜಾದರೆ, ಒಂದೊಂದು ಕೋರ್ಸಿಗೆ ಬೇರೆಬೇರೆಯಾಗಿ ಕೊಡುವ ಎನ್‌ಬಿಎ ಮಾನ್ಯತೆ ಯಾವ ಬ್ರಾಂಚಿಗಿದೆ, ಯಾವ ವರ್ಷದವರೆಗಿದೆ ಎಂದು ವಿಚಾರಿಸು.

ಮೊದಲು ಪ್ರತಿ ವಿಭಾಗದ ಸಿಲಬಸ್ ಇಳಿಸಿಕೊಂಡು ಓದು. ಥರ್ಮೋಡೈನಮಿಕ್ಸ್, ಫೇಸ್ ಡಯಾಗ್ರಾಂ (ಯಾವ ಉಷ್ಣತೆಯಲ್ಲಿ ಯಾವ ಮಿಶ್ರಣ ಯಾವ ರೂಪದಲ್ಲಿರುತ್ತದೆಂದು ತೋರಿಸುವ ನಕ್ಷೆ), ಡಿಫ್ಯೂಷನ್ (ಪರಮಾಣುಗಳ ಚಲನೆ) ಮತ್ತು ಫೇಸ್ ಟ್ರಾನ್ಸ್‌ಫರ್ಮೇಶನ್ (ಒಂದು ರೂಪ ಇನ್ನೊಂದಾಗುವುದು), ಹರಳಿನ ರಚನೆ ಮತ್ತು ಎಕ್ಸ್-ರೇ ಡಿಫ್ರಾಕ್ಷನ್, ಮೆಕ್ಯಾನಿಕಲ್ ಬಿಹೇವಿಯರ್, ವಿದ್ಯುತ್ ಮತ್ತು ಕಾಂತೀಯ ಗುಣಗಳು: ಇವು ಒಂದೊಂದೂ ಪೂರ್ಣ ಪೇಪರ್ ಆಗಿರಬೇಕು. ಥರ್ಮೋಡೈನಮಿಕ್ಸ್ ಹಬೆ ಎಂಜಿನ್ನಿನದಾಗಿರದೆ ಮಿಶ್ರಲೋಹಗಳ ದ್ರಾವಣ, ಗಿಬ್ಸ್ ಎನರ್ಜಿ, ಸಮತೋಲನದ್ದಾಗಿರಬೇಕು. ಅದು ಫೇಸ್ ಟ್ರಾನ್ಸ್‌ಫರ್ಮೇಶನ್‌ಗಿಂತ ಮುಂಚಿನ ಸೆಮಿಸ್ಟರಿನಲ್ಲಿ ಬರಬೇಕು. ಹೆಸರಿನಲ್ಲಿ ನ್ಯಾನೋ ಸೇರಿಸಿ ಈ ಬುನಾದಿಯನ್ನೆಲ್ಲ ಒಂದೇ ಪೇಪರಿನ ಒಂದೆರಡು ಯೂನಿಟ್‌ಗೆ ಇಳಿಸಿರುವ ಕೋರ್ಸುಗಳಿವೆ. ಅಂಥದ್ದಕ್ಕೆ ಹೋಗಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸುಮಾರು 0.8 ಶೇಕಡಾ ಇಂಗಾಲವಿರುವ ಉಕ್ಕನ್ನು 727 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ ಕುಲುಮೆಯೊಳಗೇ ನಿಧಾನವಾಗಿ ತಣಿಸಿದರೆ ಪರ್ಲೈಟ್ ಎಂಬ ಒಳರಚನೆ ಆಗುತ್ತದೆ, ಅದನ್ನು ಲೇತಿನಲ್ಲಿ ಕಡೆಯಬಹುದು. ಹಾಗೆ ಕಾಯಿಸಿದ ಉಕ್ಕನ್ನೇ ಬಿಸಿಯಿರುವಾಗ ನೀರಿಗೆ ಅದ್ದಿದರೆ ಮಾರ್ಟೆನ್‌ಸೈಟ್ ಎಂಬ ಬೇರೆ ಒಳರಚನೆ ಆಗುತ್ತದೆ, ಗಡಸು ಬರುತ್ತದೆ, ಜೊತೆಗೆ ಬಿರುಕು ಬಿಡುವಷ್ಟು ಪೆಡಸೂ ಆಗುತ್ತದೆ. ನಮ್ಮೂರ ಆಲೆಮನೆಯಲ್ಲಿ ಕಬ್ಬಿನ ಹಾಲು ಅದೇ ಆದರೂ ಪಾಕ ಇಳಿಸುವ ಹೊತ್ತು ತಪ್ಪಿದರೆ ಬೆಲ್ಲದ ಅಚ್ಚು ಕೂರುವುದಿಲ್ಲವಲ್ಲ, ಹಾಗೆ. ಯಾವ ಧಾತು ಎಷ್ಟಿದೆ ಎಂಬುದರಷ್ಟೇ ಅದನ್ನು ಹೇಗೆ ಸಂಸ್ಕರಿಸಿದರು ಎಂಬುದೂ ಗುಣವನ್ನು ತೀರ್ಮಾನಿಸುತ್ತದೆ. ಈ ವಿಜ್ಞಾನದ ಜೀವಾಳವೇ ಅದು.

ಎರಡನೆಯದು ಪ್ರಯೋಗಾಲಯ. ಅದರ ಬಗ್ಗೆ ಪ್ರಾಧ್ಯಾಪಕರಿಗಿಂತ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳುವುದು ಮೇಲು. ಲೋಹದ ಒಳರಚನೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಮೆಟಲೋಗ್ರಫಿ ಲ್ಯಾಬಿನ ಸ್ಯಾಂಪಲ್ ಯಾರು ತಯಾರಿಸುತ್ತಾರೆ ಎಂದು ನೇರವಾಗಿ ಕೇಳು. ಚೂರು ಕತ್ತರಿಸುವಾಗ ತಣಿಸುವ ದ್ರವ ಹರಿಯುತ್ತಿರಬೇಕು, ಇಲ್ಲವಾದರೆ ಶಾಖಕ್ಕೆ ಒಳರಚನೆಯೇ ಬದಲಾಗುತ್ತದೆ. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿ, ಎಮೆರಿ ಪೇಪರಿನಲ್ಲಿ (ಸಂಖ್ಯೆ ಹೆಚ್ಚಿದಂತೆ ಪೇಪರ್ ನಯ) 220ರಿಂದ ಶುರುಮಾಡಿ 400, 600, 800, 1200 ಎಂದು ಉಜ್ಜಬೇಕು. ಪೇಪರ್ ಬದಲಿಸಿದಾಗಲೆಲ್ಲ ಸ್ಯಾಂಪಲ್ಲನ್ನು 90 ಡಿಗ್ರಿ ತಿರುಗಿಸಬೇಕು. ತಿರುಗಿಸದಿದ್ದರೆ ಹಳೆಯ ಗೀರು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ, ಆ ಗೀರು ಮೈಕ್ರೋಸ್ಕೋಪಿನಲ್ಲಿ ಎದ್ದು ಕಾಣುತ್ತದೆ. ಆಮೇಲೆ ಬಟ್ಟೆಯ ಮೇಲೆ 1 ಮೈಕ್ರಾನ್ ಡೈಮಂಡ್ ಪೇಸ್ಟಿನ ಪಾಲಿಶ್. ತೊಳೆದು, ಆಲ್ಕೋಹಾಲ್ ಹಾಕಿ ಒಣಗಿಸಿ, 2 ಶೇಕಡಾ ನೈಟಾಲ್‌ನಲ್ಲಿ ಕೆಲವೇ ಸೆಕೆಂಡು ಎಚ್ಚಿಂಗ್, ಅಂದರೆ ಒಳರಚನೆ ಕಾಣುವಂತೆ ಮೇಲ್ಮೈಯನ್ನು ಆಮ್ಲದಿಂದ ತುಸುವೇ ಕೊರೆಸುವುದು. ನೈಟಾಲ್ ಎಂದರೆ 98 ಮಿಲಿಲೀಟರ್ ಎಥನಾಲ್‌ಗೆ 2 ಮಿಲಿಲೀಟರ್ ನೈಟ್ರಿಕ್ ಆಮ್ಲ. ಹೊತ್ತು ಹೆಚ್ಚಾದರೆ ಮೇಲ್ಮೈ ಕಪ್ಪಾಗಿ ಏನೂ ಕಾಣದು, ಮತ್ತೆ ಪಾಲಿಶ್‌ನಿಂದ ಶುರು. ಇದನ್ನೆಲ್ಲ ಹತ್ತಾರು ಸಲ ಕೈಯಾರೆ ಮಾಡಿದವರಿಗೆ ಮಾತ್ರ ಬರುತ್ತದೆ. ಇಪ್ಪತ್ತು ಜನರ ಬ್ಯಾಚಿಗೆ ಒಂದೇ ಪಾಲಿಶಿಂಗ್ ಯಂತ್ರವಿದ್ದರೆ ಅಟೆಂಡರ್ ತಯಾರಿಸಿಟ್ಟದ್ದನ್ನು ನೋಡಿ ರೆಕಾರ್ಡಿನಲ್ಲಿ ಚಿತ್ರ ಬರೆಯುವುದೇ ಲ್ಯಾಬ್ ಆಗಿಬಿಡುತ್ತದೆ.

ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್), ಎಕ್ಸ್‌ಆರ್‌ಡಿ (ಎಕ್ಸ್-ರೇ ಡಿಫ್ರಾಕ್ಷನ್) ಯಂತ್ರಗಳ ಫೋಟೋ ಎಲ್ಲ ವೆಬ್‌ಸೈಟಿನಲ್ಲೂ ಇರುತ್ತವೆ. ಬಿ.ಟೆಕ್ ಮಕ್ಕಳನ್ನು ಅದರ ಮುಂದೆ ಕೂರಿಸುತ್ತಾರೋ, ಪಿಎಚ್.ಡಿ.ಯವರಿಗೆ ಮಾತ್ರವೋ, ಯಂತ್ರ ಕೆಟ್ಟರೆ ಎಷ್ಟು ತಿಂಗಳು ನಿಲ್ಲುತ್ತದೆ ಎಂದು ಕೇಳಿಕೋ.

ಇನ್ನು ದಾರಿಗಳು. ನಿನಗೆ ನಾನು ಮೊದಲು ಹೇಳುವುದು ಸುರತ್ಕಲ್ಲಿನ ಎನ್‌ಐಟಿಕೆ, ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ಎಂಜಿನಿಯರಿಂಗ್. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ, ರಾಜ್ಯ ಯಾವುದೆಂಬುದು ಹನ್ನೆರಡನೇ ತರಗತಿ ಎಲ್ಲಿ ಪಾಸಾದೆ ಎಂಬುದರ ಮೇಲೆ. ಮಂಡ್ಯದಲ್ಲಿ ಪಿಯು ಓದುತ್ತಿರುವ ನಿನಗೆ ಅದು ದೊಡ್ಡ ಅನುಕೂಲ. ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಬಿ.ಎಸ್. ರಿಸರ್ಚ್‌ನಲ್ಲಿ ಮೆಟೀರಿಯಲ್ಸ್ ಒಂದು ಮೇಜರ್. ಸಂಶೋಧನೆಯೇ ಗುರಿಯಾದರೆ ಅದಕ್ಕಿಂತ ಒಳ್ಳೆಯದು ನಮ್ಮ ರಾಜ್ಯದಲ್ಲಿಲ್ಲ. ಅದರ ಅರ್ಜಿ ಬೇರೆ, ಐಐಟಿ, ಎನ್‌ಐಟಿಗಳ ಸೀಟು ಹಂಚುವ ಜೋಸಾದಲ್ಲಿ ಬರುವುದಿಲ್ಲ. ಮೊದಮೊದಲ ಸೆಮಿಸ್ಟರುಗಳಲ್ಲಿ ಎಲ್ಲರಿಗೂ ಜೀವಶಾಸ್ತ್ರವೂ ಇರುತ್ತದೆ, ಜೀವಶಾಸ್ತ್ರವಿಲ್ಲದ ಪಿಸಿಎಂಸಿಯವಳಾದ ನೀನು ಅದಕ್ಕೆ ಸಿದ್ಧಳಿರಬೇಕು.

ಇವೆರಡೂ ಸಿಗದಿದ್ದರೆ ಎದೆಗುಂದಬೇಡ. ಮೈಸೂರಿನ ಯುವರಾಜ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಬಿ.ಎಸ್ಸಿ. ಮಾಡಿ, ಎಂ.ಎಸ್ಸಿ. ಮಟ್ಟದ ಪ್ರವೇಶ ಪರೀಕ್ಷೆಯಾದ ಜ್ಯಾಮ್ ಬರೆದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಪ್ರಯತ್ನಿಸಬಹುದು. ಮಂಡ್ಯದ ಪಿಇಎಸ್‌ನಲ್ಲಿ ಮೆಕ್ಯಾನಿಕಲ್ ಓದಿದರೂ ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್‌ನಲ್ಲಿ ಮೆಟಲರ್ಜಿ ಪೇಪರ್, ಇಲ್ಲವೇ ಎಂಜಿನಿಯರಿಂಗ್ ಸೈನ್ಸಸ್ ಪೇಪರಿನಲ್ಲಿ ಮೆಟೀರಿಯಲ್ಸ್ ಸೈನ್ಸ್ ವಿಭಾಗ ಆರಿಸಿ ಬರೆಯಬಹುದು. ಒಂದು ದಾರಿ ಮಾತ್ರ ಹಿಡಿಯಬೇಡ: ಬೇರೆ ಬ್ರಾಂಚಿಗೆ ಸೇರಿ ಒಂದು ವರ್ಷದ ಮೇಲೆ ಬದಲಾಯಿಸಿಕೊಳ್ಳುತ್ತೇನೆ ಎನ್ನುವುದು. ಹಲವು ಐಐಟಿಗಳು ಬ್ರಾಂಚ್ ಬದಲಾವಣೆಯನ್ನೇ ಕೈಬಿಟ್ಟಿವೆ.

ಜೋಸಾದಲ್ಲಿ ಆಯ್ಕೆ ತುಂಬುವಾಗ ಹೆಚ್ಚಿನವರು ಎಡವುತ್ತಾರೆ. ಕಳೆದ ವರ್ಷದ ಕೊನೆಯ ರ‍್ಯಾಂಕ್ ನೋಡಿ, ಸಿಗುವಂಥದ್ದನ್ನು ಮೇಲಕ್ಕೆ ಬರೆಯುತ್ತಾರೆ. ಹಾಗೆ ಮಾಡಬಾರದು. ನಿನ್ನ ರ‍್ಯಾಂಕಿಗೆ ಸಿಗುವುದರಲ್ಲಿ ಎಲ್ಲಕ್ಕಿಂತ ಮೇಲಿರುವ ಆಯ್ಕೆಯನ್ನೇ ಕೊಡುತ್ತಾರೆ, ಆದ್ದರಿಂದ ಸಿಗದಂಥದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ಸೀಟು ಸಿಕ್ಕ ಮೇಲೆ ಫ್ಲೋಟ್ (ಇದು ಇರಲಿ, ಮೇಲಿನದು ಬಂದರೆ ಅದು ಬೇಕು ಎಂಬ ಉತ್ತರ) ಕೊಟ್ಟರೆ, ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಬಂದಾಗ ಹಳೆಯ ಸೀಟು ತಾನಾಗಿ ಹೋಗುತ್ತದೆ, ಕೇಳಿದರೂ ಮರಳಿ ಬರದು. ಹಾಗಾಗಿ ಮನಸ್ಸಿಗೆ ಬೇಡದ ಬ್ರಾಂಚನ್ನು ಪಟ್ಟಿಯಲ್ಲಿ ಮೇಲೆ ಇಡಲೇಬೇಡ.

ಕೆಲಸದ ವಿಷಯ ಅಣ್ಣನಿಗೆ ಚಿಂತೆ. ಪ್ಲೇಸ್‌ಮೆಂಟಿನಲ್ಲಿ ಸರಾಸರಿ ಸಂಬಳ ಕೇಳಬೇಡಿ, ಮೀಡಿಯನ್ ಕೇಳಿ, ಅಂದರೆ ಎಲ್ಲರ ಸಂಬಳವನ್ನು ಸಾಲಾಗಿ ಬರೆದಾಗ ನಟ್ಟನಡುವೆ ಬರುವುದು. ಒಬ್ಬಿಬ್ಬರ ದೊಡ್ಡ ಮೊತ್ತ ಸರಾಸರಿಯನ್ನು ಎತ್ತಿಬಿಡುತ್ತದೆ. ಎಷ್ಟು ಜನ ಉಕ್ಕು, ಅಲ್ಯೂಮಿನಿಯಂ, ವಿಮಾನ ಭಾಗಗಳ ಕೆಲಸಕ್ಕೆ ಹೋದರು, ಎಷ್ಟು ಜನ ಸಾಫ್ಟ್‌ವೇರಿಗೆ ಎಂದು ಬಿಡಿಸಿ ಕೇಳಿ. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇದೆಯೆಂದು ಅಣುಶಕ್ತಿ ಇಲಾಖೆಯ ಸಮೀಕ್ಷೆ ಅಂದಾಜು ಮಾಡಿದೆ. ಅಂಥ ಅದಿರಿನಿಂದ ಲೋಹ ತೆಗೆಯುವ ವಿದ್ಯೆಯೇ ಎಕ್ಸ್‌ಟ್ರಾಕ್ಟಿವ್ ಮೆಟಲರ್ಜಿ. ಅದನ್ನು ಸಿಲಬಸ್ಸಿನಿಂದ ತೆಗೆದುಹಾಕಿರುವ ವಿಭಾಗವನ್ನು ನಾನಾದರೆ ಒಂದು ಮೆಟ್ಟಿಲು ಕೆಳಗಿಡುತ್ತೇನೆ.

ನಿನ್ನ ಪಟ್ಟಿಯ ಪ್ರತಿ ವಿಭಾಗದ ಸಿಲಬಸ್ ನನಗೂ ಕಳಿಸು, ಗುರುತು ಹಾಕಿ ವಾಪಸ್ ಕೊಡುತ್ತೇನೆ. ಲ್ಯಾಬಿನ ಪ್ರಶ್ನೆಗಳಿಗೆ ಉತ್ತರವನ್ನು ಮಾತ್ರ ನೀನೇ ವಿಚಾರಿಸಿ ಬರೆ. ಅಣ್ಣ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಚಿಕ್ಕಪ್ಪ