ದೆವ್ವ ಹುಡುಕುವ ಕಿಟ್: ಪೆಟ್ಟಿಗೆ ಮೇಲೆ ಬರೆದದ್ದು ಒಂದು, ಒಳಗಿರೋದು ಇನ್ನೊಂದು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಹೊಸಬರಿಗೆಂದು ಮಾರುವ ದೆವ್ವ ಹುಡುಕುವ ಕಿಟ್‌ನ ತಪ್ಪು ವಿವರಣೆ ಮತ್ತು ಹಣ ವಾಪಸಾತಿ ಕುರಿತು

ಮಾನ್ಯರೇ,

ನಿಮ್ಮಿಂದ ತರಿಸಿಕೊಂಡ ಕಿಟ್ ಬಗ್ಗೆ ಈಗಾಗಲೇ ಒಂದು ದೂರು ಕೊಟ್ಟಿದ್ದೆ. 'ಎಲ್ಲ ಸಾಧನಗಳೂ ಕೆಲಸ ಮಾಡುತ್ತಿವೆ, ದೋಷವಿಲ್ಲ, ಹಣ ವಾಪಸ್ ಕೊಡಲು ಬರುವುದಿಲ್ಲ' ಎಂದು ಉತ್ತರ ಬಂತು. ಸಾಧನ ಕೆಟ್ಟಿದೆ ಎಂದು ನಾನು ಹೇಳಿರಲೇ ಇಲ್ಲ. ನೀವು ಹೇಳಿಕೊಂಡಿರುವ ಕೆಲಸ ಅದರಿಂದ ಆಗುವುದಿಲ್ಲ ಎಂದಿದ್ದೆ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಥರ್ಮಾಮೀಟರ್. 'ಗಾಳಿಯಲ್ಲಿನ ತಣ್ಣನೆಯ ಜಾಗಗಳನ್ನು ದೂರದಿಂದಲೇ ಪತ್ತೆ ಮಾಡುತ್ತದೆ' ಎಂದು ಪೆಟ್ಟಿಗೆ ಮೇಲಿದೆ. ಒಳಗಿರುವುದು ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀಳುವ ಇನ್‌ಫ್ರಾರೆಡ್ ಥರ್ಮಾಮೀಟರ್. ಅದು ಗಾಳಿಯ ಉಷ್ಣತೆ ಅಳೆಯುವುದೇ ಇಲ್ಲ. ಎದುರಿಗೆ ಗೋಡೆ, ಬಾಗಿಲು, ಗಾಜು, ಏನಿದೆಯೋ ಅದರ ಮೇಲ್ಮೈ ಎಷ್ಟು ಬಿಸಿ ಎಂದು ತೋರಿಸುತ್ತದೆ. ಅದೂ ಚುಕ್ಕೆ ಬಿದ್ದ ಜಾಗದ್ದು ಮಾತ್ರ ಅಲ್ಲ. ಸಾಧನದ ಮೈ ಮೇಲೆಯೇ 12:1 ಎಂದು ಅಚ್ಚಾಗಿದೆ. ಅಂದರೆ 12 ಅಡಿ ದೂರದಿಂದ ಹಿಡಿದರೆ 1 ಅಡಿ ಅಗಲದ ಜಾಗದ ಸರಾಸರಿ ಬರುತ್ತದೆ. ಕೋಣೆ ನಡುವೆ ನಿಂತು ನಿಧಾನಕ್ಕೆ ಸುತ್ತ ತಿರುಗಿಸಿ ನೋಡಿ. ಗೋಡೆ ದಾಟಿ ಕಿಟಕಿಗೆ ಬಂದ ಕೂಡಲೇ ಅಂಕಿ ದಡಕ್ಕನೆ ಇಳಿಯುತ್ತದೆ. ಹೊರಗೆ ಚಳಿ ಇದ್ದರೆ ಗಾಜು ತಣ್ಣಗಿರುತ್ತದೆ, ಅಲ್ವಾ? ಇದನ್ನೇ ನಿಮ್ಮ ಕೈಪಿಡಿ 'ಆತ್ಮ ಇರುವುದರ ಸ್ಪಷ್ಟ ಸೂಚನೆ' ಎನ್ನುತ್ತದೆ. ಗಾಳಿಯ ಉಷ್ಣತೆ ಬೇಕೆಂದರೆ ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಥರ್ಮಾಮೀಟರ್ ಕೊಡಬೇಕಿತ್ತು. ಒಂದೇ ಕಡೆ ಇಟ್ಟರೆ ರಾತ್ರಿಯಿಡೀ ತಾನೇ ದಾಖಲಿಸಿಕೊಳ್ಳುವ ಡೇಟಾ ಲಾಗರ್ ಆಗಿದ್ದರೆ ಇನ್ನೂ ಒಳ್ಳೆಯದು.

ಇಎಂಎಫ್ ಮೀಟರ್, ಅಂದರೆ ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವ ಸಾಧನದ ವಿಷಯ ಇದಕ್ಕಿಂತ ಬೇಸರದ್ದು. 'ಎಲ್ಲ ದಿಕ್ಕಿನ ಕ್ಷೇತ್ರವನ್ನೂ ಗ್ರಹಿಸುತ್ತದೆ' ಎಂದು ಬರೆದಿದ್ದೀರಿ. ಫ್ರಿಜ್ ಹಿಂದೆ ಒಂದೇ ಜಾಗದಲ್ಲಿ ಹಿಡಿದು ಸುಮ್ನೆ ಮಣಿಕಟ್ಟು ತಿರುಗಿಸಿದೆ. ನಾಲ್ಕು ದೀಪ ಉರಿಯುತ್ತಿದ್ದದ್ದು ಒಂದಕ್ಕೆ ಇಳಿಯಿತು. ಅಲ್ಲಿಗೆ ಇದು ಒಂದೇ ಅಕ್ಷದ, ಅಂದರೆ ಒಂದೇ ದಿಕ್ಕಿನ ಕ್ಷೇತ್ರ ಗ್ರಹಿಸುವ ಮೀಟರ್ ಎಂಬುದು ಖಚಿತವಾಯಿತು. ಮೂರು ಅಕ್ಷದ್ದಾಗಿದ್ದರೆ ಹೇಗೆ ತಿರುಗಿಸಿದರೂ ಅಂಕಿ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಆದರೆ ಇದರಲ್ಲಿ ಅಂಕಿಯೇ ಇಲ್ಲ, ಬರೀ ಬಣ್ಣದ ದೀಪ. ದೆವ್ವ ಹುಡುಕುವ ಹವ್ಯಾಸದವರಾದ ನಾವು ಯಾವ ಮನೆಗೆ ಹೋದರೂ ಮೊದಲು ಎಲ್ಲ ಲೈಟ್ ಹಾಕಿಕೊಂಡು ಒಂದು ಸುತ್ತು ಬರುತ್ತೇವೆ. ಸ್ವಿಚ್ ಬೋರ್ಡ್ ಹತ್ತಿರ ಎಷ್ಟು, ಗೋಡೆಯೊಳಗೆ ವೈರಿಂಗ್ ಹೋದ ಕಡೆ ಎಷ್ಟು ಎಂದು ಮಿಲಿಗಾಸ್‌ನಲ್ಲಿ (ಕಾಂತಕ್ಷೇತ್ರದ ಅಳತೆ) ಬರೆದಿಟ್ಟುಕೊಳ್ಳುತ್ತೇವೆ. ಆಮೇಲೆ ಕತ್ತಲಲ್ಲಿ ಏನಾದರೂ ಬದಲಾದರೆ ಹೋಲಿಸಿ ನೋಡಲು ಅದೊಂದೇ ಆಧಾರ. 'ಹಸಿರು ದೀಪ, ಆಮೇಲೆ ಹಳದಿ' ಎಂದು ಬರೆದುಕೊಂಡು ಏನು ಹೋಲಿಸುವುದು? ಪಕ್ಕದಲ್ಲಿಟ್ಟ ಮೊಬೈಲ್‌ಗೆ ಕರೆ ಬಂದರೂ ಐದೂ ದೀಪ ಹತ್ತಿಕೊಳ್ಳುತ್ತವೆ. 'ಫೋನ್ ಏರೋಪ್ಲೇನ್ ಮೋಡ್‌ನಲ್ಲಿಡಿ' ಎಂಬ ಒಂದು ಸಾಲು ಕೂಡ ಕೈಪಿಡಿಯಲ್ಲಿಲ್ಲ.

ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಲೆನ್ಸ್‌ಗೆ ಅಂಟಿದಂತೆ ಇದೆ. ಲೆನ್ಸ್ ಮುಂದೆ ತೇಲುವ ಧೂಳಿನ ಕಣವೆಲ್ಲ ಬೆಳಕು ಹೊಡೆದು ಬಿಳಿ ಗೋಳವಾಗಿ ಕಾಣುತ್ತದೆ, ಹೊಸಬರು ಅದನ್ನೇ ಆತ್ಮ ಎಂದುಕೊಳ್ಳುತ್ತಾರೆ. ದೀಪ ಬೇರೆ ಇದ್ದು, ಪಕ್ಕಕ್ಕೆ ಇಡುವ ಹಾಗಿದ್ದರೆ ಈ ತೊಂದರೆ ಬಹಳ ಕಡಿಮೆ. ಇನ್ನು ಆತ್ಮಗಳ ಮಾತು ಕೇಳಿಸುವ ಸ್ಪಿರಿಟ್ ಬಾಕ್ಸ್ ಎಂದು ಕೊಟ್ಟಿರುವುದು ರೇಡಿಯೋ ಸ್ಟೇಷನ್‌ಗಳನ್ನು ಒಂದರ ಹಿಂದೊಂದು ಸರಸರ ಬದಲಿಸುವ ಡಬ್ಬ. ಅದರಲ್ಲಿ ಮಾತಿನ ಚೂರುಗಳು ಕೇಳಿಯೇ ಕೇಳುತ್ತವೆ.

ಇದೆಲ್ಲ ಹಣದ ಮಾತಾಯಿತು. ಜೀವದ ಮಾತು ಒಂದಿದೆ. ಮುಚ್ಚಿದ ಹಳೇ ಮನೆಗಳಲ್ಲಿ ಗಂಟೆಗಟ್ಟಲೆ ಕೂರಿ ಎನ್ನುವ ಕೈಪಿಡಿ, ತಲೆನೋವು, ತಲೆಸುತ್ತು, ಯಾರೋ ಇದ್ದಾರೆ ಎಂಬ ಭಯ ಬಂದರೆ 'ಸರಿಯಾದ ಜಾಗ ಸಿಕ್ಕಿದೆ, ಅಲ್ಲೇ ಇರಿ' ಎನ್ನುತ್ತದೆ. ಇದು ಅಪಾಯದ ಸಲಹೆ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಸೇರಿಕೊಂಡರೂ ಹೀಗೇ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಅನುಭವ ಪ್ರಕಟಿಸಿದ್ದರು. ಆ ಮನೆಯವರಿಗೆ ಹೆಜ್ಜೆ ಸಪ್ಪಳ ಕೇಳುತ್ತಿತ್ತು, ಆಕೃತಿಗಳು ಕಾಣುತ್ತಿದ್ದವು, ತಲೆನೋವು ಬಿಡುತ್ತಿರಲಿಲ್ಲ. ಕಾರಣ ಇದೇ ವಿಷಾನಿಲ: ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು, ಹೊಗೆ ಒಳಕ್ಕೇ ಬರುತ್ತಿತ್ತು. ಸ್ಪಿರಿಟ್ ಬಾಕ್ಸ್ ಬದಲು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಟ್ಟಿದ್ದರೆ ಈ ಕಿಟ್‌ನಲ್ಲಿ ಅದೇ ಎಲ್ಲಕ್ಕಿಂತ ಉಪಯೋಗದ ವಸ್ತು ಆಗುತ್ತಿತ್ತು.

ಈ ಹವ್ಯಾಸವನ್ನು ನಾವು ಮನಸ್ಸಿಟ್ಟು ಮಾಡುತ್ತೇವೆ. ಒಂದು ಸದ್ದು ಕೇಳಿದರೆ ಅದು ಪೈಪೋ, ಇಲಿಯೋ, ಗಾಳಿಯೋ ಎಂದು ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗುವುದೇ ಇದರ ಕೆಲಸ. ಕೊನೆಗೂ ಉತ್ತರ ಸಿಗದೆ ಉಳಿಯುವ ಒಂದೋ ಎರಡೋ ಸಂಗತಿಗಾಗಿಯೇ ಇಷ್ಟೆಲ್ಲ ಪಾಡು. ಮಾಮೂಲಿ ಕಾರಣವನ್ನೇ ದೆವ್ವ ಎಂದು ತೋರಿಸುವ ಸಾಧನ ಕೊಟ್ಟರೆ ಆ ಶ್ರಮವೆಲ್ಲ ನೀರುಪಾಲು. ಹೊಸದಾಗಿ ಶುರುಮಾಡುವ ಹುಡುಗ ಹುಡುಗಿಯರು ನಿಮ್ಮ ಮಾತು ನಂಬಿ ಕೊಳ್ಳುತ್ತಾರೆ. ನನಗೆ ಜಾಸ್ತಿ ಸಂಕಟ ಅದರದ್ದೇ.

ಹಾಗಾಗಿ ಕಿಟ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಮರಳಿಸಿ. ಪ್ರತಿ ಸಾಧನ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಪೆಟ್ಟಿಗೆ ಮೇಲೆ ಸ್ಪಷ್ಟವಾಗಿ ಬರೆಯಿರಿ. ತಲೆಸುತ್ತು ಬಂದರೂ 'ಅಲ್ಲೇ ಇರಿ' ಎನ್ನುವ ಪುಟವನ್ನು ಮಾತ್ರ ಇವತ್ತೇ ತೆಗೆಯಿರಿ, ಮತ್ತು ಈಗಾಗಲೇ ಕೊಂಡವರಿಗೂ ಅದನ್ನು ತಿಳಿಸಿ. 'ಸಾಧನ ಚಾಲನೆಯಲ್ಲಿದೆ' ಎಂಬ ಅದೇ ಉತ್ತರ ಮತ್ತೆ ಬಂದರೆ ಗ್ರಾಹಕರ ದೂರು ಕೇಳುವ ವೇದಿಕೆಗೆ ಹೋಗುತ್ತೇನೆ. ಬಿಲ್, ಪೆಟ್ಟಿಗೆಯ ಫೋಟೋ ಮತ್ತು ಮೀಟರ್ ತಿರುಗಿಸಿದಾಗಿನ ವಿಡಿಯೋ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ