ಮುಟ್ಟು ನಿಂತ ಹುಡುಗಿಯ ಎಲುಬು: ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಮಾನ್ಯರೇ,

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ನಮ್ಮ ಜಿಲ್ಲೆಯ ಮನವಿಗಳು ನಿಮ್ಮ ಕಚೇರಿಯಲ್ಲಿ ಕಟ್ಟುಗಟ್ಟಲೆ ಇರಬೇಕು. ಆ ಬೇಡಿಕೆಯನ್ನು ನಾವೇನೂ ಬಿಟ್ಟಿಲ್ಲ. ಈ ಪತ್ರ ಮಾತ್ರ ಕಟ್ಟಡ ಕೇಳುವುದಿಲ್ಲ. ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಮುಟ್ಟು ನಿಂತ ಹುಡುಗಿಯರ ಎಲುಬು ಉಳಿಸಲು, ನಿಮ್ಮ ಇಲಾಖೆಗಳಲ್ಲಿ ಈಗಾಗಲೇ ಇರುವ ಕಾಗದಗಳನ್ನು ಒಟ್ಟಿಗೆ ಇಟ್ಟು ಓದಿಸಿ ಎಂದು ಕೇಳುತ್ತದೆ.

ಹೆಣ್ಣುಮಕ್ಕಳನ್ನು ಓಡಿಸುತ್ತಲೇ ನೌಕರಿ ಮುಗಿಸಿದವಳು ನಾನು. ಈಗಲೂ ಬೆಳಿಗ್ಗೆ ಮೈದಾನಕ್ಕೆ ಹೋಗುತ್ತೇನೆ. ಅಲ್ಲಿಗೆ ಬರುತ್ತಿದ್ದ ಪಿಯುಸಿ ಹುಡುಗಿಯೊಬ್ಬಳ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೆರಳಿಟ್ಟರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು. ಬಿದ್ದಿರಲಿಲ್ಲ, ಏಟು ತಗುಲಿರಲಿಲ್ಲ. ಬರೀ ಓಟಕ್ಕೇ ಎಲುಬು ಬಿರುಕು ಬಿಟ್ಟಿತ್ತು. ಕರಾವಳಿಯ ಸೆಕೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ತೋಳಿನ ಮೇಲೆ ಎಳೆಗೂಸಿನ ಮೈಯಲ್ಲಿರುವಂಥ ನವಿರು ಕೂದಲು. ಬಂಗಡೆ ಸಾರಿದ್ದ ದಿನ ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದವಳು ಈಗ ಗಂಜಿಯ ತಿಳಿ ಕುಡಿದು ಏಳುತ್ತಾಳೆ ಎಂದರು ತಾಯಿ. ಮುಟ್ಟು ನಿಂತು ವರ್ಷವಾಗುತ್ತ ಬಂದಿತ್ತು. ಒಂದು ದವಾಖಾನೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು, ಇನ್ನೊಂದರಲ್ಲಿ ಮುಟ್ಟು ಬರಿಸುವ ಹಾರ್ಮೋನ್ ಮಾತ್ರೆ. ತಿಂಗಳಿಗೆ ಸರಿಯಾಗಿ ಸ್ರಾವ ಕಂಡಾಗ ಮನೆಯವರು ನಿಟ್ಟುಸಿರು ಬಿಟ್ಟರು. ನೆಂಟರಂತೂ ಹುಡುಗಿ ಎಷ್ಟು ಚೆಂದ ತೆಳ್ಳಗಾಗಿದ್ದಾಳೆ ಎಂದು ಹೊಗಳಿಯೇ ಹೊಗಳಿದರು.

ಆಕೆಗಿದ್ದದ್ದು ಅನೋರೆಕ್ಸಿಯಾ ನರ್ವೋಸಾ. ಅದು ಹೊಟ್ಟೆಯ ಕಾಯಿಲೆಯಲ್ಲ. ದಪ್ಪಗಾದೇನೆಂಬ ಭಯ ಮನಸ್ಸನ್ನು ಹಿಡಿದು ಊಟ ಬಿಡಿಸುವ ಕಾಯಿಲೆ. ಮೈಗೆ ಅನ್ನ ಸಾಲದಾದಾಗ ಮೆದುಳು ಮುಟ್ಟಿನ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುತ್ತದೆ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿಯುತ್ತದೆ, ಎಲುಬು ಬೆಳೆಸುವ ಐಜಿಎಫ್-1 ಎಂಬ ಹಾರ್ಮೋನ್ ಇಳಿಯುತ್ತದೆ, ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರುತ್ತದೆ. ಹೊಸ ಎಲುಬು ಕಟ್ಟುವುದು ಕುಂದುತ್ತದೆ, ಇದ್ದದ್ದು ಕರಗತೊಡಗುತ್ತದೆ. ಅದೂ ಯಾವ ವಯಸ್ಸಿನಲ್ಲಿ? ಜೀವಮಾನಕ್ಕೆ ಬೇಕಾದ ಎಲುಬಿನ ಬಹುಪಾಲು ಕೂಡಿಬರುವುದೇ ಇಪ್ಪತ್ತರ ಆಸುಪಾಸಿನೊಳಗೆ. ಮುಟ್ಟು ಬರಿಸಲೆಂದು ಕೊಡುವ, ನುಂಗುವ ಗರ್ಭನಿರೋಧಕ ಮಾತ್ರೆ ಸ್ರಾವ ತರಿಸುತ್ತದೆಯೇ ಹೊರತು ಈ ಎಲುಬನ್ನು ಕಾಯುವುದಿಲ್ಲ. ಕಾಯಿಲೆಯನ್ನು ಮುಚ್ಚಿಡುತ್ತದೆ, ಅಷ್ಟೇ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು, ಆದರೆ ಅವಷ್ಟೇ ಸಾಲವು. ತೂಕ ಮರಳಬೇಕು, ಮುಟ್ಟು ತಾನಾಗಿ ಬರಬೇಕು. ಆಗಲೂ ಕಳೆದದ್ದೆಲ್ಲ ತುಂಬಿಬರುತ್ತದೆಂಬ ಭರವಸೆಯಿಲ್ಲ.

ಇದು ಬೆಂಗಳೂರಿನ ಸಿರಿವಂತರ ಮನೆಯ ರೋಗ ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಿದರೆ ನಂಬಬೇಡಿ. ಮೊಬೈಲ್ ತಲುಪಿದಲ್ಲೆಲ್ಲ ಬಡಕಲು ಸೊಂಟದ ವಿಡಿಯೋಗಳೂ ತಲುಪಿವೆ. ನಮ್ಮಲ್ಲಿ ಸೊರಗಿದ ಹುಡುಗಿ ಎಂದರೆ ರಕ್ತಹೀನತೆ, ಕೊಡಿ ಕಬ್ಬಿಣಾಂಶದ ಮಾತ್ರೆ ಎಂಬಲ್ಲಿಗೆ ವಿಚಾರಣೆ ಮುಗಿದುಹೋಗುವ ಅಪಾಯವಿದೆ. ಅನ್ನ ಸಿಗದವಳಿಗೂ ಅನ್ನಕ್ಕೆ ಹೆದರುವವಳಿಗೂ ಒಂದೇ ಮದ್ದು ಆಗದು.

ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಎತ್ತರ, ತೂಕ ಅಳೆಯುತ್ತಾರೆ. ಮುಟ್ಟು ತಡವಾಗುತ್ತಿದೆಯೇ ಎಂಬ ಪ್ರಶ್ನೆಯೂ ಅದರ ಪಟ್ಟಿಯಲ್ಲಿದೆ. ಆದರೆ ಸಾಲಿನಲ್ಲಿ ನಿಲ್ಲಿಸಿ ಕೇಳಿದರೆ ಯಾವ ಹುಡುಗಿಯೂ ‘ಸರಿ ಇದೆ’ ಎಂದೇ ಹೇಳುತ್ತಾಳೆ. ‘ಶುಚಿ’ ಯೋಜನೆಯ ಪ್ಯಾಡ್ ಹಂಚುವ ದಿನ ಶಿಕ್ಷಕಿಯೊಬ್ಬರು ಬದಿಗೆ ಕರೆದು ಕೇಳಲಿ. ಮೂರು ತಿಂಗಳಿಂದ ಮುಟ್ಟಾಗಿಲ್ಲ, ತೂಕ ಹೋದ ವರ್ಷಕ್ಕಿಂತ ಇಳಿದಿದೆ ಎಂದಾದರೆ ಆಕೆಯನ್ನು ವೈದ್ಯರಲ್ಲಿಗೆ ಕಳಿಸಲೇಬೇಕು. ಖಾಸಗಿ ಶಾಲೆ, ಪಿಯು ಕಾಲೇಜುಗಳನ್ನೂ ಇದಕ್ಕೆ ಸೇರಿಸಿ.

ಕಳಿಸುವುದು ಎಲ್ಲಿಗೆ? ಶಿರಸಿಯಿಂದ ಘಟ್ಟ ಇಳಿದು ಕಾರವಾರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮನೋವೈದ್ಯರಿಗೆ ಒಂದು ದಿನ, ಎಲುಬಿನವರಿಗೆ ಇನ್ನೊಂದು ದಿನ ಎಂದರೆ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಯಾವ ಅಪ್ಪ ಎರಡನೇ ಸಲ ಬಂದಾನು? ಮನೋವೈದ್ಯರು, ಫಿಸಿಷಿಯನ್, ಆಹಾರ ತಜ್ಞರು ಒಂದೇ ದಿನ ಒಂದೇ ಕಡೆ ಸಿಗಲಿ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ಸೊಂಟಕ್ಕೂ ಬೆನ್ನುಮೂಳೆಗೂ, ಇಂಥ ಹುಡುಗಿಯರಿಗೆ ಜಿಲ್ಲೆಯೊಳಗೇ ಉಚಿತವಾಗಿ ಆಗಲಿ. ಅದರ ವರದಿಯನ್ನು ಅವರ ವಯಸ್ಸಿನವರ ಜೊತೆ ಹೋಲಿಸಿ ಓದುವವರೂ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ಶಾಲೆಯ ಗೋಡೆಗೆ ಬರೆಸುವುದು ನಾಳೆಯೇ ಆಗಬಹುದಾದ ಕೆಲಸ.

ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಮತ್ತು ಶಿಕ್ಷಣ ಅಧಿಕಾರಿಗಳಿಬ್ಬರನ್ನೂ ಎದುರು ಕೂರಿಸಿಕೊಂಡು, ತೂಕ ಇಳಿದು ಮುಟ್ಟು ನಿಂತ ಹುಡುಗಿಯರು ಈ ವರ್ಷ ಎಷ್ಟು ಮಂದಿ ಸಿಕ್ಕರು, ಅವರನ್ನು ಎಲ್ಲಿಗೆ ಕಳಿಸಿದಿರಿ ಎಂದು ಕೇಳಿ. ಉತ್ತರವನ್ನು ಪತ್ರಿಕೆಗೆ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಅಂಕೋಲಾ ತಾಲೂಕು