ತೂಕದ ಹೊತ್ತಿಗೆ ನೀನೇ ನಿಲ್ಲು

ಮಡಿಕೇರಿ

ಚಿರಂಜೀವಿ ಪುಟ್ಟುಗೆ ದೊಡ್ಡಮ್ಮನ ಆಶೀರ್ವಾದಗಳು.

ತೋಟ ನಿನ್ನ ಹೆಗಲಿಗೆ ಬಂದ ಮೇಲೆ ಇದು ಮೊದಲ ಕೊಯ್ಲು. ಗೊಬ್ಬರ, ನೀರು, ಲೆಕ್ಕಪತ್ರ ಎಲ್ಲ ನೀನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯ, ಸಂತೋಷ. ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ನಾನು ಅಲ್ಲಿದ್ದಾಗ ಕಾಫಿ ಕೊಳ್ಳುವ ವ್ಯಾಪಾರಿ ಬಂದರು. ನೀನು ಎದ್ದು ನಿಂತು ಕುರ್ಚಿ ಎಳೆದುಕೊಟ್ಟೆ. ಒಳ್ಳೆಯದೇ. ಅದೇ ಹೊತ್ತಿಗೆ ಆದಿವಾಸಿಗಳ ಹಾಡಿಯ ಅಜ್ಜ ಅಂಗಳದಲ್ಲಿ ಕಾಯುತ್ತಿದ್ದರು. ಅವರಿಗೆ "ಏಯ್, ಆಮೇಲೆ ಬಾ" ಅಂದೆ. ನಿನ್ನ ತಾತನ ವಯಸ್ಸಿನವರು ಅವರು. ಯಾಕೆ ಬಂದಿದ್ದರು ಅಂತ ಆಮೇಲಾದರೂ ಕೇಳಿದೆಯಾ? ನಿನ್ನ ದನಿ ಬದಲಾಗಿದ್ದು ನಿನಗೇ ಗೊತ್ತಾಗಲಿಲ್ಲ ಅಂತ ಕಾಣುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಜನರಿಗೆ ಎಷ್ಟು ಮರ್ಯಾದೆ ಕೊಡುತ್ತೇವೆ ಅನ್ನೋದು ಸಂಜೆ ತೂಕದ ಹೊತ್ತಿಗೆ ಗೊತ್ತಾಗುತ್ತೆ. ದಿನವೆಲ್ಲ ಹಣ್ಣು ಕೊಯ್ದು, ಎಲೆ ಕಡ್ಡಿ ಆರಿಸಿ, ಚೀಲ ಹೊತ್ತು ತಂದ ಹೆಂಗಸು ತಕ್ಕಡಿ ಮುಂದೆ ನಿಂತಿರುತ್ತಾರೆ. ಕೆಲವು ತೋಟಗಳಲ್ಲಿ ಮುಳ್ಳು ನಿಲ್ಲುವ ಮೊದಲೇ ಚೀಲ ಇಳಿಸಿಬಿಡುತ್ತಾರೆ. ಚೀಲದ ತೂಕ, ಕಸದ ತೂಕ ಅಂತ ಬಾಯಿಗೆ ಬಂದಷ್ಟು ಕಳೆಯುತ್ತಾರೆ. ಆಕೆ ಏನೂ ಹೇಳದೆ ಸುಮ್ನೆ ಹೋಗುತ್ತಾರೆ. ನಮ್ಮಲ್ಲಿ ಹಾಗಾಗಬಾರದು. ತೂಕದ ಹೊತ್ತಿಗೆ ನೀನೇ ನಿಲ್ಲು. ಮುಳ್ಳು ಆಕೆಗೂ ಕಾಣಲಿ. ಖಾಲಿ ಚೀಲ ಎದುರೇ ತೂಗಿಸಿ ಅಷ್ಟನ್ನೇ ಕಳೆ. ಪುಸ್ತಕದಲ್ಲಿ ಬರೆದಿದ್ದನ್ನು ಓದಿ ಹೇಳು. ಹೆಸರು ಹಿಡಿದು ಕರೆ, ಜಾತಿ ಹಿಡಿದು ಬೇಡ. ಅಸ್ಸಾಮಿನಿಂದ ಬಂದ ಹುಡುಗರಿಗೂ ಒಬ್ಬೊಬ್ಬರಿಗೆ ಒಂದೊಂದು ಹೆಸರಿದೆ, ಅಲ್ವಾ?

ಇನ್ನೊಂದು. ಹಿಂದಿನ ಜಗಲಿ ಕಿಟಕಿಯಲ್ಲಿ ಕೆಲಸದವರಿಗೆ ಅಂತ ಬೇರೆ ಇಟ್ಟಿರುವ ಲೋಟಗಳನ್ನು ಇವತ್ತೇ ತೆಗೆಸು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಕಾನೂನು ಇರಲಿ ಬಿಡಲಿ, ನಮ್ಮ ಮನೆಯಲ್ಲಿ ಅದು ನಡೆಯಕೂಡದು. ಅಡುಗೆಯವರು ಗೊಣಗಿದರೆ ನಾನು ಮಾತಾಡುತ್ತೇನೆ.

"ಈಗ ಕೆಲಸಕ್ಕೆ ಜನ ಸಿಗಲ್ಲ, ನಯವಾಗಿ ಇರಬೇಕು" ಅಂತ ಅಕ್ಕಪಕ್ಕದವರು ಹೇಳಿಯಾರು. ಆ ಲೆಕ್ಕ ನನಗೆ ಹಿಡಿಸುವುದಿಲ್ಲ. ಹಾಗಾದರೆ ಬೇಕಾದಷ್ಟು ಜನ ಸಿಕ್ಕ ದಿನ ಬೈಯಬಹುದು ಅಂತಾಯಿತಲ್ಲ! ಬೆಳಗ್ಗೆ ಆನೆ ತೋಟ ಬಿಟ್ಟಿದೆಯೋ ಇಲ್ಲವೋ ಅಂತ ಮೊದಲು ಹೋಗಿ ನೋಡುವವರು ಯಾರು? ಲದ್ದಿ ಹಸಿಯಾಗಿದೆಯಾ, ಗಿಡ ಯಾವ ಕಡೆ ಮುರಿದಿದೆ ಅಂತ ನೋಡಿ ಹೇಳುವುದು ನಿನಗೂ ಬಾರದು, ನನಗೂ ಬಾರದು. ಹಾಗಂತ ಆ ವಿದ್ಯೆ ಇದ್ದವರಿಗೆ ಮಾತ್ರ ಮರ್ಯಾದೆ ಅಂದುಕೊಳ್ಳಬೇಡ. ಕೈಲಾಗದೆ ಕೂಲಿಯವರ ಲೈನ್ ಮನೆಯಲ್ಲಿ ಕೂತಿರುವ ಮುದುಕಿಗೂ ಅಷ್ಟೇ ಕೊಡಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ತೋಟದವರೂ ಕೂಲಿಯವರೂ ಒಟ್ಟಿಗೇ ಪರಿಹಾರ ಕೇಂದ್ರ ಸೇರಿದರು. ಒಂದೇ ಹಾಲ್‌ನಲ್ಲಿ ಮಲಗಿದರು, ಒಂದೇ ಪಾತ್ರೆಯ ಅನ್ನ ಉಂಡರು. ಮನೆಗೆ ಮರಳಿದ ಮೇಲೆ ಮತ್ತೆ ಬೇರೆ ಲೋಟ ಇಡುವುದಕ್ಕೆ ಯಾವ ಕಾರಣವೂ ನನಗೆ ಹೊಳೆಯುವುದಿಲ್ಲ.

ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ ಬರುತ್ತೇನೆ. ಅಷ್ಟರಲ್ಲಿ ಲೈನ್ ಮನೆಯ ಹಿಂದಿನ ಸಾಲಿನ ಮಾಡು ರಿಪೇರಿ ಮಾಡಿಸು, ಮಳೆಗಾಲದವರೆಗೆ ಎಳೆಯಬೇಡ. ಎಲ್ಲೆಲ್ಲಿ ಸೋರುತ್ತೆ ಅಂತ ಅಲ್ಲಿರುವವರನ್ನೇ ಕೇಳಿ, ಅವರು ಹೇಳಿದ ಹಾಗೆ ಮಾಡಿಸು.

ನಿನ್ನ ದೊಡ್ಡಮ್ಮ